ನಾಯಿಯ ಅಸಲು

ನಮ್ಮ ಮನೆಯಲ್ಲಿ ನಾಯಿ ಸಾಕುವುದು ದುಬಾರಿ. ಅದಕ್ಕೆ ಕಾರಣ ನಾಯಿಯಲ್ಲ, ನಮ್ಮ ಅಜ್ಜಿ.

ಬೇರೆಯವರ ಮನೆಯಲ್ಲಿ ಊಟ ಮುಗಿದ ಮೇಲೆ ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಅನ್ನ, ಸಾರಿನಲ್ಲಿ ನೆನೆದ ಮುದ್ದೆಯ ಚೂರು, ಮಕ್ಕಳು ಬೇಡವೆಂದು ತಳ್ಳಿದ ಚಪಾತಿ ಏನಾದರೂ ಉಳಿಯುತ್ತದೆ. ಅದು ನಾಯಿಗೆ ಹೋಗುತ್ತದೆ, ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಮ್ಮಲ್ಲಿ ಹಾಗಿಲ್ಲ. ಲಿಂಗಕ್ಕೆ ತೋರಿಸಿ ಉಂಡದ್ದೆಲ್ಲ ಪ್ರಸಾದ, ಅದರಲ್ಲಿ ಒಂದು ಅಗುಳನ್ನೂ ಬಿಡಕೂಡದು. ಅಜ್ಜಿ ಉಂಡ ತಟ್ಟೆಗೆ ನೀರು ಹಾಕಿ, ಬೆರಳಿನಿಂದ ಸುತ್ತ ಒರೆಸಿ, ಆ ನೀರನ್ನೂ ಕುಡಿದುಬಿಡುತ್ತಾರೆ. ಆಮೇಲೆ ನಮ್ಮ ತಟ್ಟೆಗಳ ಕಡೆ ನೋಡುತ್ತಾರೆ. ಆ ನೋಟಕ್ಕೆ ಹೆದರಿ ನಾವೂ ಬಳಿದು ತಿನ್ನುತ್ತೇವೆ. ಹೀಗಾಗಿ ನಮ್ಮ ಮನೆಯ ತಟ್ಟೆ ನೆಕ್ಕಲು ಬಂದ ನಾಯಿಗೆ ತನ್ನ ಮುಖವೊಂದೇ ಕಾಣುತ್ತದೆ. ಅದು ತಿನ್ನಬೇಕೆಂದರೆ ಅದಕ್ಕೆಂದೇ ಬೇಯಿಸಬೇಕು, ನಾವು ಉಣ್ಣುವುದಕ್ಕೆ ಮುಂಚೆಯೇ ತೆಗೆದಿಡಬೇಕು. ತೆಗೆದಿಟ್ಟದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಣ್ಣಿಗೆ ಬಿದ್ದದ್ದಕ್ಕೆ ನಮ್ಮಪ್ಪಾಜಿಯ ಬಳಿ ಬೆಲೆ ಇದೆ.

ಅಪ್ಪಾಜಿಯದು ಸಿದ್ಧಾರ್ಥನಗರದಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ, ಅಕ್ಕಿ, ರಾಗಿ, ಬೇಳೆಯ ಅಂಗಡಿ. ಮೂಟೆ ಬಿಚ್ಚುವ ಮೊದಲು ಅವರು ಕಣ್ಣು ಮುಚ್ಚಿ ತುಟಿಯಾಡಿಸುತ್ತಾರೆ. ಹೊಸಬರು ಮಂತ್ರವೆಂದುಕೊಂಡು ಸುಮ್ಮನೆ ನಿಲ್ಲುತ್ತಾರೆ. ಮಂತ್ರವಲ್ಲ, ಅಸಲು ಕಟ್ಟುವುದು. ಮೂಟೆಯ ಮೇಲೆ ಬರೆದಿರುವ ದರ ಅಸಲಲ್ಲ ಎಂಬುದು ಅವರ ಮೊದಲ ಪಾಠ. ಲಾರಿ ಬಾಡಿಗೆ, ಹಮಾಲಿ, ತೂಕದಲ್ಲಿ ಹೋಗುವುದು, ಇಲಿ ತಿನ್ನುವುದು, ಸಾಲ ಹೇಳಿ ಮತ್ತೆ ಈ ಬೀದಿಗೇ ಕಾಲಿಡದವರು, ಇಷ್ಟೂ ಸೇರಿದರೆ ಅಸಲು. ಅದು ಗೊತ್ತಿಲ್ಲದೆ ಯಾವ ಮಾಲನ್ನೂ ಇಟ್ಟುಕೊಳ್ಳಬಾರದು ಎನ್ನುತ್ತಿದ್ದರು. ಈ ಪಾಠದ ಉಳಿದರ್ಧವನ್ನು ಅವರು ನನಗೆ ಹೇಳಿಕೊಟ್ಟಿರಲಿಲ್ಲ.

ನನ್ನದು ಬೇರೆ ವ್ಯಾಪಾರ. ಮದುವೆ, ನಾಮಕರಣ, ಬೀಗರ ಔತಣಗಳಲ್ಲಿ ಮೈಕು ಹಿಡಿದು ಮಿಮಿಕ್ರಿ ಮಾಡುತ್ತೇನೆ. ಅದಿಲ್ಲದ ದಿನ ಗಾಡಿಯವರಿಗೆ ಕೂಗು ರೆಕಾರ್ಡ್ ಮಾಡಿಕೊಡುತ್ತೇನೆ. ರಾಜೀವನಗರದಿಂದ ಈಚೆಗೆ ಹಳೇ ಕಬ್ಬಿಣ, ಹಳೇ ಪೇಪರು ಎಂದು ಸ್ಪೀಕರಿನಲ್ಲಿ ಕೂಗಿಕೊಂಡು ಬರುವ ಗಾಡಿಗಳಲ್ಲಿ ಕೆಲವು ಗಂಟಲು ನನ್ನದೇ. ಒಂದು ಮುದುಕನದು, ಒಂದು ಮೂಗಿನಲ್ಲಿ ಮಾತಾಡುವವನದು, ಒಂದು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರದು. ಆ ಮೇಷ್ಟ್ರು ಒಮ್ಮೆ ತಮ್ಮ ದನಿಯನ್ನೇ ಕರೆದು ನಿಲ್ಲಿಸಿ ಹಳೇ ಪೇಪರು ತೂಗಿಸಿ ಕೊಟ್ಟರಂತೆ. ಗುರುತು ಹತ್ತಲಿಲ್ಲ. ಮನೆಯಲ್ಲೂ ನಾನು ಯಾರನ್ನೂ ಬಿಟ್ಟವನಲ್ಲ. ಅಪ್ಪಾಜಿಯ ದನಿಯಲ್ಲಿ ಅಡುಗೆಮನೆಗೆ ಕಾಫಿ ಕೇಳಿ, ಅಮ್ಮ ತಂದುಕೊಟ್ಟ ಲೋಟವನ್ನು ನಾನೇ ಕುಡಿದು, ಬೈಸಿಕೊಂಡದ್ದು ಎಷ್ಟೋ ಸಲ.

ನಾಯಿ ಒಂದೇ ನನಗೆ ಮೋಸ ಹೋಗುತ್ತಿರಲಿಲ್ಲ. ಅಂಗಡಿಯ ಕಟ್ಟೆಯ ಕೆಳಗೆ ಖಾಲಿ ಗೋಣಿಚೀಲದೊಳಗೆ ತಾನಾಗಿ ಬಂದು ಮಲಗಿದ್ದ ಕಂದು ಮರಿ ಅದು. ಹೆಸರಿಟ್ಟಿರಲಿಲ್ಲ. ಅಜ್ಜಿ ಮರಿ ಅಂದರು, ಅದು ಕರುವಿನಷ್ಟಾದ ಮೇಲೂ ಮರಿಯೇ. ನಾನು ಅಪ್ಪಾಜಿಯ ದನಿಯಲ್ಲಿ ಕರೆದರೆ ಕಿವಿ ಹಿಂದಕ್ಕೆ ಮಡಚಿ ಗುರ್ ಎಂದು ಮಂಚದಡಿಗೆ ಹೋಗುತ್ತಿತ್ತು. ಮುದುಕನ ದನಿಗೆ ಆಕಳಿಸುತ್ತಿತ್ತು. ಎಲ್ಲ ವೇಷವನ್ನೂ ಕಳಚಿಟ್ಟು, ನನ್ನ ಒಣಕಲು ಗಂಟಲಿನಲ್ಲಿ, ಸುಮ್ಮನೆ ಬಾ ಎಂದರೆ ಮಾತ್ರ ಬರುತ್ತಿತ್ತು. ಯಾರೂ ಕಾಸು ಕೊಟ್ಟು ಕೇಳದ ದನಿ ಅದು. ಅದಕ್ಕಿದ್ದ ಒಬ್ಬನೇ ಗಿರಾಕಿ ಆ ನಾಯಿ.

ತಪ್ಪಿದೆ, ಇನ್ನೊಬ್ಬರಿದ್ದರು, ನಮ್ಮ ಚಿಕ್ಕಪ್ಪ. ಅಪ್ಪಾಜಿಯ ತಮ್ಮ, ಮಂಡಕಳ್ಳಿಯಲ್ಲಿ ಮನೆ, ಪಕ್ಕದಲ್ಲೇ ಈರುಳ್ಳಿ ತುಂಬಿಡುವ ಶೆಡ್ಡು. ಗೂಡ್ಸ್ ಆಟೋದಲ್ಲಿ ಬೀದಿ ಬೀದಿ ಮಾರುತ್ತಾರೆ. ಅವರ ಗಾಡಿಗೆ ಕೂಗು ಬೇಕೆಂದಾಗ ನನ್ನ ಗಂಟಲಿನ ಅಂಗಡಿಯನ್ನೆಲ್ಲ ಬಿಚ್ಚಿ ತೋರಿಸಿದೆ. ಅವರಿಗೆ ಒಂದೂ ಹಿಡಿಸಲಿಲ್ಲ. "ಈರುಳ್ಳಿ ಮಾರಕ್ಕೆ ನಾಟ್ಕ ಯಾಕೋ? ನಿಂದೇ ದನೀಲಿ ಹೇಳು, ಇಲ್ದಿದ್ರೆ ಹೆಂಗಸ್ರು ಹೆದರ್ಕೋತಾರೆ" ಎಂದರು. ಹಾಗೆ ನನ್ನ ಸ್ವಂತ ದನಿಯಲ್ಲಿ, "ಬನ್ನಿ ಅಕ್ಕ, ಬನ್ನಿ ಅಮ್ಮ, ಒಣಗಿದ ಈರುಳ್ಳಿ, ಬನ್ನಿ" ಎಂದು ಹೇಳಿಕೊಟ್ಟದ್ದು ಅದೊಂದೇ. ದುಡ್ಡು ತೆಗೆದುಕೊಳ್ಳಲಿಲ್ಲ, ಚಿಕ್ಕಪ್ಪನಲ್ಲವೇ.

ಆ ಗಾಡಿ ನಮ್ಮ ಬೀದಿಗೆ ಬಂದಾಗಲೆಲ್ಲ ಒಂದು ತಮಾಷೆ ನಡೆಯುತ್ತಿತ್ತು. ಸ್ಪೀಕರು ಬನ್ನಿ ಎಂದ ತಕ್ಷಣ ನಾಯಿ ಎಲ್ಲಿದ್ದರೂ ಓಡಿಬಂದು, ಗಾಡಿಯ ಹಿಂದೆ ಮುಂದೆ ಸುತ್ತಿ, ಮೂಟೆಗಳ ಸಂದಿಯಲ್ಲಿ ಮೂತಿ ತೂರಿಸಿ ನನ್ನನ್ನು ಹುಡುಕುತ್ತಿತ್ತು. ನಾನು ಪಕ್ಕದಲ್ಲೇ ನಿಂತು ನಗುತ್ತಿದ್ದರೂ ಅದಕ್ಕೆ ಸಮಾಧಾನವಿಲ್ಲ. ಒಮ್ಮೆ ನನ್ನ ಕಡೆ, ಒಮ್ಮೆ ಸ್ಪೀಕರಿನ ಕಡೆ ನೋಡುತ್ತಿತ್ತು. ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರೂ ಒಂದು ನಾಯಿ ಸಾಕಿ ಸೋತವರು. ಶೆಡ್ಡಿನ ಕಾವಲಿಗೆಂದು ಜಾತಿನಾಯಿ ತಂದಿದ್ದರಂತೆ. ಅದು ಪ್ಯಾಕೆಟ್ಟಿನ ಆಹಾರವೇ ಬೇಕೆಂದು ಹಟ ಮಾಡಿ ಈರುಳ್ಳಿಯ ಲಾಭವನ್ನೆಲ್ಲ ಉಂಡುಬಿಟ್ಟಿತಂತೆ. ಯಾರಿಗೋ ಕೊಟ್ಟು ಕೈತೊಳೆದುಕೊಂಡಿದ್ದರು. ಅಂದಿನಿಂದ ಯಾರ ಮನೆಯ ನಾಯಿ ಕಂಡರೂ ಅವರ ಮೊದಲ ಪ್ರಶ್ನೆ, ಇದು ಏನು ತಿನ್ನುತ್ತದೆ ಎಂಬುದೇ.

ಒಂದು ದಿನ ನಮ್ಮ ಹಳೇ ಗಿರಾಕಿಯೊಬ್ಬರು ಅಕ್ಕಿಗೆ ಬಂದರು. ನಾಯಿ ಸೋನಾಮಸೂರಿ ಮೂಟೆಯ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿತ್ತು. ಆಕೆ ಮೂಟೆ ನೋಡಿದರು, ನಾಯಿ ನೋಡಿದರು, ಅಪ್ಪಾಜಿಯನ್ನು ನೋಡಿದರು, ನಾಳೆ ಬರುತ್ತೇನೆಂದು ಹೋದರು. ಅಕ್ಕಿ ಅಂಗಡಿಯಲ್ಲಿ ನಾಳೆ ಬರುತ್ತೇನೆ ಎಂದರೆ ಎದುರಿನ ಅಂಗಡಿಗೆ ಹೋಗುತ್ತೇನೆ ಎಂದರ್ಥ.

ಅಂದು ಊಟದ ಹೊತ್ತಿಗೆ ಅಪ್ಪಾಜಿ ನನ್ನನ್ನು ಕೂರಿಸಿಕೊಂಡರು. ಬೈಯಲಿಲ್ಲ, ಅದೇ ನನಗೆ ಭಯ. "ಈ ನಾಯೀದು ಅಸಲು ಎಷ್ಟು ಬೀಳುತ್ತೆ, ಸರಿಯಾಗಿ ಕಟ್ಟು. ಆಮೇಲೆ ನೋಡೋಣ" ಎಂದರು.

ನೋಡೋಣ ಎಂಬ ಮಾತನ್ನು ನಾನು ನನಗೆ ಬೇಕಾದ ಹಾಗೆ ಕೇಳಿಸಿಕೊಂಡೆ. ಅಸಲು ಕಡಿಮೆ ಬಂದರೆ ನಾಯಿ ಉಳಿಯುತ್ತದೆ, ಹೆಚ್ಚಾದರೆ ಹೋಗುತ್ತದೆ. ಅಷ್ಟೇ ಅಲ್ಲ, ಅಪ್ಪಾಜಿ ನನ್ನ ಕೈಗೆ ಒಂದು ಲೆಕ್ಕ ಕೊಟ್ಟದ್ದು ಅದೇ ಮೊದಲು. ಅಲ್ಲಿಯವರೆಗೆ ನನ್ನ ಗಂಟಲಿನ ವ್ಯಾಪಾರವನ್ನು ಅವರು ವ್ಯಾಪಾರವೆಂದೇ ಎಣಿಸಿರಲಿಲ್ಲ. ಮಗ ಏನು ಮಾಡುತ್ತಾನೆಂದು ಕೇಳಿದವರಿಗೆ, ಏನೋ ಮಾತಾಡ್ತಾನೆ ಎನ್ನುತ್ತಿದ್ದರು. ನನಗೆ ಕೋಡು ಮೂಡಿದವು.

ಮೊದಲ ಸಲ ಪ್ರಾಮಾಣಿಕವಾಗಿ ಕಟ್ಟಿದೆ. ಬೆಳಗಿನ ಹಾಲು, ಎರಡು ಹೊತ್ತಿನ ಮುದ್ದೆ, ಮೊಸರನ್ನ, ಟೀ ಅಂಗಡಿಯಲ್ಲಿ ನಾನು ಹಾಕುವ ಬನ್ನು, ಹುಚ್ಚುನಾಯಿ ರೋಗಕ್ಕೆ ಹಾಕಿಸಿದ ಇಂಜೆಕ್ಷನ್ನು, ಅದು ಹರಿದ ಅಮ್ಮನ ಕಾಲೊರಸು, ಕದ್ದು ತಿಂದ ಹೋಳಿಗೆ, ಅದರ ಮೇಲೆ ಬಡ್ಡಿ. ಮೊತ್ತ ನೋಡಿ ಮತ್ತೊಮ್ಮೆ ಕೂಡಿದೆ, ಅಷ್ಟೇ ಬಂತು. ಆ ಲೆಕ್ಕದಲ್ಲಿ ನಾಯಿಗಿಂತ ನನ್ನನ್ನು ಸಾಕುವುದೇ ಅಗ್ಗ ಎಂದು ಬರುತ್ತಿತ್ತು. ಅಪ್ಪಾಜಿ ಎಂದೂ ಒಪ್ಪಲಾರದ ಮಾತು.

ಆಮೇಲೆ ಅಪ್ಪಾಜಿಯ ವಿದ್ಯೆಯನ್ನೇ ಅವರ ಮೇಲೆ ತಿರುಗಿಸಿದೆ. ರಾಗಿ ತೂಗುವಾಗ ಚೆಲ್ಲಿದ್ದನ್ನು ಗುಡಿಸಿ ಮೂಲೆಯ ಡಬ್ಬಕ್ಕೆ ಹಾಕುತ್ತೇವೆ. ಅದನ್ನು ಕೇರಿ ಬೀಸಿಸಿದರೆ ನಾಯಿಯ ಮುದ್ದೆಗೆ ಸಾಕು. ಅಕ್ಕಿಯ ನುಚ್ಚನ್ನು ಹೇಗೂ ಯಾರೂ ಕೊಳ್ಳುವುದಿಲ್ಲ. ಹಾಲು ಬೇಡ, ಹಾಲಿನ ಪಾತ್ರೆ ಗಲಬರಿಸಿದ ನೀರು ಸಾಕು. ಮುದ್ದೆ ನಮ್ಮ ಪಾತ್ರೆಯಲ್ಲೇ ಬೇಯುವುದರಿಂದ ಗ್ಯಾಸು ಶೂನ್ಯ. ಬನ್ನು ನನ್ನ ಸಂಪಾದನೆಯದು, ಅಂಗಡಿಗೆ ಸಂಬಂಧವಿಲ್ಲ. ಕೊನೆಯಲ್ಲಿ ಬ್ರಹ್ಮಾಸ್ತ್ರ ತೆಗೆದೆ. ನಾಯಿ ಬಂದ ಮೇಲೆ ಮೂಟೆ ಕಚ್ಚುವ ಇಲಿಗಳು ಕಡಿಮೆಯಾಗಿವೆ. ಪ್ರತಿ ಮೂಟೆಯ ಅಸಲಿನಲ್ಲಿ ಇಲಿ ತಿನ್ನುವುದೆಂದು ಅಪ್ಪಾಜಿ ಸೇರಿಸುವ ಬಾಬ್ತನ್ನು ನಾಯಿಯ ಖರ್ಚಿನಿಂದ ಕಳೆಯಬೇಕು. ಎಲ್ಲ ಕೂಡಿ ಕಳೆದರೆ ದಿನಕ್ಕೆ ಒಂದು ಟೀ ದುಡ್ಡು.

ಇದನ್ನು ನಾನು ಊಟಕ್ಕೆ ಕೂತಾಗ, ಕಣ್ಣು ಮುಚ್ಚಿ ತುಟಿಯಾಡಿಸಿ, ಅಪ್ಪಾಜಿಯ ದನಿಯಲ್ಲೇ ಒಪ್ಪಿಸಿದೆ. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ನಾಯಿ ಮಂಚದಡಿಗೆ ಹೋಯಿತು. ಅಜ್ಜಿ ಮಾತ್ರ ತಟ್ಟೆಗೆ ನೀರು ಹಾಕುತ್ತಾ, "ನಾನು ಮರೀಗೆ ಅಂತ ಎತ್ತಿಡೋದು ನುಚ್ಚಲ್ಲ ಕಣೋ" ಎಂದು ಗೊಣಗಿದರು. ಅದು ಲೆಕ್ಕ ಕೆಡಿಸುವ ಮಾತು. ನಾನು ಕೆಮ್ಮಿ ಮುಚ್ಚಿಹಾಕಿದೆ.

ಅಪ್ಪಾಜಿ ನಗಲಿಲ್ಲ. "ಒಂದು ಟೀ ದುಡ್ಡು. ಇಷ್ಟೇನಾ?" ಎಂದು ಕೇಳಿದರು.

"ಇಷ್ಟೇ ಅಪ್ಪಾಜಿ. ನೀವೇ ಕಟ್ಟಿ ನೋಡಿ."

ಅವರು ಕಣ್ಣು ಮುಚ್ಚಿದರು, ತುಟಿಯಾಡಿಸಿದರು, ತಲೆದೂಗಿದರು. "ಚೆನ್ನಾಗ್ ಕಟ್ಟಿದೀಯ" ಎಂದರು. ಅವರ ಬಾಯಿಂದ ಅಂಥ ಮಾತು ನಾನು ಕೇಳಿರಲಿಲ್ಲ. ಮಿಮಿಕ್ರಿ ಮಾಡಲು ಬಾರದ ಒಂದು ದನಿ ಅವರಲ್ಲಿತ್ತು ಎಂದು ಅಂದೇ ತಿಳಿದದ್ದು. ಆ ದಿನ ನಾಯಿಯ ಕಿವಿಯಲ್ಲಿ ಗೆದ್ದೆವು ಕಣೋ ಎಂದು ಹೇಳಿದ್ದೂ ನೆನಪಿದೆ.

ಆ ವಾರದಲ್ಲೇ ಬನ್ನೂರಿನಲ್ಲಿ ಒಂದು ನಾಮಕರಣವಿತ್ತು. ಬೆಳಿಗ್ಗೆ ಹೋದವನು ಸಂಜೆ ಬಂದೆ. ಬಾಗಿಲಿಗೇ ಎಣ್ಣೆಯ ಘಮ ಬಂತು. ಅಮ್ಮ ಈರುಳ್ಳಿ ಬಜ್ಜಿ ಕರಿಯುತ್ತಿದ್ದರು. ಹಬ್ಬವಿಲ್ಲ, ನೆಂಟರಿಲ್ಲ, ನನಗೊಬ್ಬನಿಗೆ ಬಜ್ಜಿ. ದಣಿದು ಬಂದಿದ್ದೀಯ ತಿನ್ನು ಎಂದು ತಟ್ಟೆ ತುಂಬಾ ಹಾಕಿದರು. ತಿಂದೆ. ಈರುಳ್ಳಿ ಏನು ಸಿಹಿಯಾಗಿದೆ ಅಂದೆ. ಅಮ್ಮ ಬಾಣಲೆಯಿಂದ ಮುಖ ಎತ್ತಲಿಲ್ಲ. ಅಪ್ಪಾಜಿ ಅಂಗಡಿಯಲ್ಲಿ ಗಿರಾಕಿಯೇ ಇಲ್ಲದೆ ತಕ್ಕಡಿ ಒರೆಸುತ್ತಿದ್ದರು. ಇಷ್ಟು ಸುಳಿವು ಸಾಲದೇ? ಊರಿನವರ ನಡೆನುಡಿಯನ್ನೆಲ್ಲ ಕದ್ದು ಆಡಿ ತೋರಿಸುವ ಜಾಣ, ನಾಲ್ಕು ಗೋಡೆಯೊಳಗಿನ ಎರಡು ಮುಖ ಓದಲಿಲ್ಲ. ಇನ್ನೆರಡು ಬಜ್ಜಿ ಹಾಕು ಎಂದೆ.

ಒಂದನ್ನು ನಾಯಿಗೆ ಕೊಡೋಣವೆಂದು ಹಿತ್ತಲಿಗೆ ಹೋದೆ. ಅದರ ಅಲ್ಯುಮಿನಿಯಂ ಬಟ್ಟಲನ್ನು ತೊಳೆದು ಒಗೆಯುವ ಕಲ್ಲಿನ ಮೇಲೆ ಬೋರಲು ಹಾಕಿದ್ದರು.

ನಾಯಿ ಎಲ್ಲಿ ಎಂದು ಕೇಳಿದೆ. ಅಪ್ಪಾಜಿಯೇ ಹೇಳಿದರು. "ನಿಮ್ ಚಿಕ್ಕಪ್ಪ ಕರ್ಕೊಂಡ್ ಹೋದ. ಅವನ್ಗೆ ಶೆಡ್ಡಿಗೆ ನಾಯಿ ಬೇಕಾಗಿತ್ತು. ತಿನ್ನೋದು ಎಷ್ಟು ಅಂತ ತಿಳೀದೆ ಇಟ್ಕೊಳ್ಳಲ್ಲ ಅಂತಿದ್ದ."

"ಅದಕ್ಕಾ ನನ್ ಕೈಲಿ ಕಟ್ಸಿದ್ದು?"

"ಅಸಲು ತಿಳೀದೆ ಮಾಲು ಇಟ್ಕೋಬಾರ್ದು" ಎಂದರು. ತಕ್ಕಡಿ ಒರೆಸಿದ ಬಟ್ಟೆ ಮಡಚುತ್ತಾ, "ಕೊಡಲೂಬಾರ್ದು" ಎಂದು ಪಾಠದ ಉಳಿದರ್ಧ ಹೇಳಿ ಮುಗಿಸಿದರು.

ನಾಯಿ ಉಳಿಯಲಿ ಎಂದು ನಾನು ಇಳಿಸಿದ ಒಂದೊಂದು ಕಾಸೂ ಅದನ್ನು ಮನೆಯಿಂದ ಆಚೆಗೆ ನೂಕಿತ್ತು. ಪ್ರಾಮಾಣಿಕ ಲೆಕ್ಕವನ್ನೇ ಕೊಟ್ಟಿದ್ದರೆ ಚಿಕ್ಕಪ್ಪ ಅದರ ಮುಖ ನೋಡುತ್ತಿರಲಿಲ್ಲ. ಆ ಲೆಕ್ಕ ಯಾತಕ್ಕೆಂದು ಅಮ್ಮನಿಗೆ ಗೊತ್ತಿತ್ತು. ಅಜ್ಜಿಗೂ ಗೊತ್ತಿತ್ತು. ಅಜ್ಜಿ ಜಪದ ಹಾಗೆ ಒಂದೇ ಮಾತು ಹೇಳುತ್ತಿದ್ದರು, "ನಾನು ಮಧ್ಯಾನದ ಮುದ್ದೆ ಎತ್ತಿಟ್ಟಿದ್ದೆ, ತಿನ್ನದೇ ಒಂಟೋಯ್ತು" ಎಂದು. ಅಜ್ಜಿಯ ದನಿಯನ್ನು ನಾನು ನೂರು ಸಲ ಅಣಕಿಸಿ ಜನರನ್ನು ನಗಿಸಿದ್ದೇನೆ. ಆ ಮಾತನ್ನು ಮಾತ್ರ ಇವತ್ತಿಗೂ ಯಾವ ಸ್ಟೇಜಿನಲ್ಲೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಬಸ್ಸು ಹತ್ತಿ ಮಂಡಕಳ್ಳಿಗೆ ಹೋದೆ. ವಾಪಸ್ ತರುವುದೆಂದು ತೀರ್ಮಾನಿಸಿಯೇ ಹೋದದ್ದು. ದಾರಿಯುದ್ದಕ್ಕೂ ಅಪ್ಪಾಜಿಯ ಮುಂದೆ ಆಡಬೇಕಾದ ಮಾತುಗಳನ್ನು ಒಳಗೇ ಅಭ್ಯಾಸ ಮಾಡಿಕೊಂಡೆ. ಅವೆಲ್ಲ ಅಪ್ಪಾಜಿಯ ದನಿಯಲ್ಲೇ ಬರುತ್ತಿದ್ದವು. ಅವರಿಂದ ಕಲಿತ ಕೋಪವೇ ನನಗಿದ್ದದ್ದು.

ಚಿಕ್ಕಪ್ಪ ಶೆಡ್ಡಿನ ಮುಂದೆ ಗಾಡಿಗೆ ಮೂಟೆ ಹಾಕುತ್ತಿದ್ದರು. ನನ್ನನ್ನು ನೋಡಿ ಅವರ ಮುಖ ಅರಳಿತು. ಅವರು ಮಾಡಿದ್ದು ತಪ್ಪೆಂದು ಅವರಿಗೆ ಗೊತ್ತೇ ಇರಲಿಲ್ಲ. ನನಗೆ ಹೇಳಿಯೇ ಕೊಟ್ಟಿದ್ದಾರೆ ಎಂದುಕೊಂಡಿದ್ದರು. ಒಂದು ಟೀ ದುಡ್ಡಿಗೆ ಇಂಥ ನಾಯಿ ಎಲ್ಲಿ ಸಿಗುತ್ತದೆ ಎಂದು ನನ್ನ ಬೆನ್ನು ತಟ್ಟಿದರು. ಆಮೇಲೆ ಸಹಜವಾಗಿ ಕೇಳಿದರು: "ಈರುಳ್ಳಿ ಎಂಗಿತ್ತೋ? ಒಳ್ಳೇ ಮೂಟೇನೇ ನೋಡಿ ಕಳಿಸಿದ್ದೆ ನಾಯಿಗೆ ಬದ್ಲು."

ನಾಲಿಗೆಯ ಮೇಲೆ ಆ ಸಿಹಿ ಇನ್ನೂ ಇತ್ತು. ಒಂದು ತಟ್ಟೆ, ಆಮೇಲೆ ಕೇಳಿ ಹಾಕಿಸಿಕೊಂಡ ಎರಡು. ನಾಯಿಯ ಬೆಲೆಯನ್ನು ನಾನೇ ಕಡಲೆಹಿಟ್ಟಿನಲ್ಲಿ ಅದ್ದಿ ತಿಂದಿದ್ದೆ, ಹೊಗಳಿದ್ದೆ ಬೇರೆ.

ಕರೆತರುವುದು ಕಷ್ಟವಾಯಿತಾ ಎಂದು ಕೇಳಿದೆ. ನನಗೆ ಏನು ಬೇಕಿತ್ತು ಎಂದರೆ, ಅದು ಕಚ್ಚಿತು, ಅತ್ತಿತು, ನಾಲ್ಕು ಜನ ಹಿಡಿದು ಎತ್ತಿ ಹಾಕಬೇಕಾಯಿತು ಎಂದು ಅವರು ಹೇಳುವುದು.

"ಏನೂ ಕಷ್ಟ ಇಲ್ಲ ಕಣೋ. ಸ್ಪೀಕರ್ ಹಾಕ್ದೆ, ಹತ್ಕೊಂಬುಡ್ತು. ಮೂಟೆ ಮೇಲೆ ಸ್ಪೀಕರ್ ಪಕ್ಕದಲ್ಲೇ ಕೂತ್ಕೊಂಡ್ ಬಂತು, ರಾಜನ ಥರ. ಇಲ್ಲಿ ಬಂದ್ಮೇಲೆ ಊಟ ಮುಟ್ಟಲಿಲ್ಲ. ಸ್ಪೀಕರ್ ಹಾಕಿದ್ರೆ ತಿನ್ನುತ್ತೆ, ಆರಿಸಿದ್ರೆ ನಿಲ್ಲಿಸುತ್ತೆ. ನಿನ್ ಲೆಕ್ಕದಲ್ಲಿ ಬ್ಯಾಟರಿ ಚಾರ್ಜ್ ಸೇರಿಸಿಲ್ಲ ನೋಡು" ಎಂದು ನಕ್ಕರು.

ನಾಯಿ ಶೆಡ್ಡಿನ ಹಿಂದಿನಿಂದ ಬಂತು. ನನ್ನನ್ನು ಕಂಡು ಓಡಿಬಂದು ಎದೆಯ ಮೇಲೆ ಎರಡೂ ಕಾಲಿಟ್ಟು, ಮೂಗಿನಿಂದ ಗಲ್ಲ ಒತ್ತಿತು. ಅದು ನನ್ನನ್ನು ಮರೆತಿರಲಿಲ್ಲ, ಇದನ್ನು ಹೇಳಿಬಿಡಬೇಕು. ನಾನು ಒಯ್ಯುತ್ತೇನೆ ಚಿಕ್ಕಪ್ಪ ಅಂದೆ. ಅವರು ಮುಖ ಸಪ್ಪೆ ಮಾಡಿಕೊಂಡರೂ ಒಳ್ಳೆಯವರು. ನಿನ್ನ ನಾಯಪ್ಪಾ, ಮೂಟೆ ವಿಷಯ ನೀವು ತಂದೆ ಮಗ ನೋಡಿಕೊಳ್ಳಿ ಎಂದು ಹಗ್ಗ ಕೊಟ್ಟರು. ಅವರಿಗೆ ವ್ಯಾಪಾರಕ್ಕೆ ಹೊತ್ತಾಗಿತ್ತು.

ಬಸ್ಸಿಗೆ ನಾಯಿ ಹತ್ತಿಸುವುದಿಲ್ಲ. ಆಟೋದವನು ಒಪ್ಪಿದರೆ ಆಟೋ, ಇಲ್ಲದಿದ್ದರೆ ನಡಿಗೆ ಎಂದು ಹಗ್ಗ ಹಿಡಿದು ರಸ್ತೆಗೆ ಬಂದೆ. ನಾಯಿ ನನ್ನ ಮೊಣಕಾಲಿಗೆ ಒರಗಿಕೊಂಡೇ ನಡೆಯುತ್ತಿತ್ತು. ಹಿಂದಿನಿಂದ ಚಿಕ್ಕಪ್ಪನ ಗಾಡಿ ಬಂತು, ನಮ್ಮನ್ನು ದಾಟಿತು, ಊರು ತಿರುಗುವ ಮುಂಚಿನ ಅಭ್ಯಾಸದಂತೆ ಅವರು ಸ್ಪೀಕರಿನ ಗುಂಡಿ ಒತ್ತಿದರು.

ಬನ್ನಿ ಅಕ್ಕ, ಬನ್ನಿ ಅಮ್ಮ.

ನಾಯಿ ನಿಂತಿತು. ನನ್ನ ಮುಖ ನೋಡಿತು. ನನ್ನ ಬಾಯಿ ಮುಚ್ಚಿತ್ತು. ಬನ್ನಿ ಎಂದಿತು ಗಾಡಿ. ಹಗ್ಗ ನನ್ನ ಅಂಗೈಯನ್ನು ಉಜ್ಜಿಕೊಂಡು ಹೋಯಿತು, ನಾಯಿ ಓಡಿತು. ಕರೆಯಬೇಕು. ಅದಕ್ಕೆ ಗೊತ್ತಿರುವ ಆ ಒಣಕಲು ದನಿಯಲ್ಲಿ, ಸುಮ್ಮನೆ, ಒಂದು ಸಲ ಬಾ ಎಂದರೆ ಸಾಕು. ಆದರೆ ಕೋಪ ತುಂಬಿತ್ತು, ಬಾಯಿ ತೆರೆದಾಗ ಹೊರಬಂದದ್ದು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡಿದ್ದ ದನಿ: "ಏಯ್, ಬಾರೋ ಇಲ್ಲಿ."

ಅಚ್ಚು ಅಪ್ಪಾಜಿ. ಅಷ್ಟು ಚೆನ್ನಾಗಿ ನಾನು ಅವರನ್ನು ಯಾವ ಮದುವೆಯಲ್ಲೂ ಮಾಡಿಲ್ಲ.

ನಾಯಿ ಕಿವಿ ಹಿಂದಕ್ಕೆ ಮಡಚಿತು, ಬಾಲ ಒಳಗೆ ಸೇರಿಸಿತು, ಇನ್ನೂ ಜೋರಾಗಿ ಓಡಿತು. ಚಿಕ್ಕಪ್ಪ ಗಾಡಿ ನಿಧಾನ ಮಾಡಿದರು. ಅದು ಹಾರಿ ಮೂಟೆಯ ಮೇಲೆ, ಸ್ಪೀಕರಿನ ಪಕ್ಕ, ನನ್ನ ಬಾಯಿಗೆ ಕಿವಿಯಿಟ್ಟು ಕೂತಿತು. ಅವರು ತಿರುಗಿ ನೋಡಿ, ಏನು ಮಾಡಲಿ ಎನ್ನುವ ಹಾಗೆ ಕೈಯಾಡಿಸಿದರು. ನಾನು ಹೋಗಿ ಎಂದು ಕೈ ಬೀಸಿದೆ. ಮಾತಾಡಲು ಧೈರ್ಯವಿರಲಿಲ್ಲ, ಯಾರ ದನಿ ಬರುತ್ತದೋ.

ಈಗಲೂ ಆ ಗಾಡಿ ನಮ್ಮ ಬೀದಿಗೆ ಬರುತ್ತದೆ. ನಾಯಿ ಮೂಟೆಯ ಮೇಲೆಯೇ ಇರುತ್ತದೆ, ಮೈ ತುಂಬಿಕೊಂಡಿದೆ. ಅಜ್ಜಿ ಒಂದು ಉಂಡೆ ಮುದ್ದೆ ತೆಗೆದುಕೊಂಡು ಹೋಗಿ ಕೈಯಾರೆ ತಿನ್ನಿಸಿ ಬರುತ್ತಾರೆ. ನಾನು ಬೀದಿಗೆ ಇಳಿಯುವುದಿಲ್ಲ. ಬೇರೆ ಕೂಗು ರೆಕಾರ್ಡ್ ಮಾಡಿಕೊಟ್ಟು ಅದನ್ನು ಅಳಿಸಿಹಾಕಿ ಎಂದು ಚಿಕ್ಕಪ್ಪನನ್ನು ಕೇಳಬಹುದು. ಅಳಿಸಿದರೆ ನಾಯಿ ಊಟ ಬಿಡುತ್ತದೆ. ಹಾಗಾಗಿ ಕೇಳಿಲ್ಲ.

ಅಪ್ಪಾಜಿಯೂ ನಾನೂ ಮಾತು ಬಿಟ್ಟಿಲ್ಲ. ಮಾತು ಬಿಡುವಷ್ಟು ದೊಡ್ಡ ಮನೆಯಲ್ಲ ನಮ್ಮದು. ಅವರ ದನಿಯನ್ನು ಮಾತ್ರ ಬಿಟ್ಟೆ. ಕಾಫಿ ಬೇಕಾದರೆ ನನ್ನ ದನಿಯಲ್ಲೇ ಕೇಳುತ್ತೇನೆ, ತಡವಾಗಿ ಬರುತ್ತದೆ. ಸ್ಟೇಜಿನಲ್ಲೂ ಜಿಪುಣ ಶೆಟ್ಟರ ಪಾತ್ರಕ್ಕೆ ಬೇರೆ ಗಂಟಲು ಹುಡುಕಿಕೊಂಡೆ. ಅಪ್ಪಾಜಿ ಇದನ್ನು ಗಮನಿಸುವುದಿಲ್ಲ ಎಂದುಕೊಂಡಿದ್ದೆ. ಮೊನ್ನೆ ರಾಗಿ ಮೂಟೆ ಬಂತು. ಬಾಯಿ ಬಿಚ್ಚಿ ನೋಡಿದರೆ ಕೆಳಗಿನ ಮೂಲೆಯನ್ನು ಇಲಿ ತೂತು ಮಾಡಿ ರಾಗಿ ಸುರಿದಿತ್ತು. ಇಬ್ಬರೂ ಸೇರಿ ಗುಡಿಸಿದೆವು. ಗುಡಿಸುತ್ತಾ, ನನ್ನ ಕಡೆ ನೋಡದೆಯೇ ಕೇಳಿದರು.

"ನನ್ ಥರ ಮಾತಾಡೋದು ಬಿಟ್ಬುಟ್ಟಲ್ಲೋ, ಯಾಕೆ?"

"ಅಸಲೂ ಗಿಟ್ಟಲ್ಲ ಅಪ್ಪಾಜಿ" ಎಂದೆ.

ಅವರು ಕಣ್ಣು ಮುಚ್ಚಿಕೊಂಡರು. ತುಟಿಯಾಡಿಸಲಿಲ್ಲ. ಗುಡಿಸಿದ ರಾಗಿಯನ್ನು ಅಭ್ಯಾಸಬಲದಿಂದ ಮೂಲೆಗೆ, ನಾಯಿಯ ಪಾಲಿಗೆಂದು ಹಾಕುತ್ತಿದ್ದ ಡಬ್ಬದ ಕಡೆಗೆ ಹಿಡಿದುಕೊಂಡು ಹೋದರು. ಅಲ್ಲಿ ಡಬ್ಬವಿರಲಿಲ್ಲ. ಮೊರ ಹಿಡಿದುಕೊಂಡು ಬಾಗಿಲಿಗೆ ಬಂದು, ನನಗೆ ಬೆನ್ನು ಹಾಕಿಕೊಂಡೇ, ಬೀದಿಯ ಪಾರಿವಾಳಗಳಿಗೆ ಎರಚಿದರು.